ಹಿಂದಿನ ಅಚ್ಚು ಬದಲಾದ ಮೇಲೆ

ಚಿತ್ರದುರ್ಗದ ಕೋಟೆಯನ್ನು ಬೆನ್ನಿಗೆ ಹಾಕಿ ಉತ್ತರ ದಿಕ್ಕಿಗೆ ಸುಮಾರು ಇಪ್ಪತ್ತು ಕಿಲೋಮೀಟರು ಸಾಗಿದರೆ ತುರುವನೂರು ಸಿಕ್ಕುತ್ತದೆ. ಸ್ವಾತಂತ್ರ್ಯ ಹೋರಾಟದ ಚರಿತ್ರೆಯನ್ನು ಓದಿದವರಿಗೆ ಈ ಊರಿನ ಹೆಸರು ಹೊಸದಲ್ಲ. ೧೯೩೯ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಇಲ್ಲಿಯ ಈಚಲು ಮರಗಳಿಗೆ ಕೊಡಲಿ ಬಿದ್ದಿತು. ಕಾನೂನನ್ನು ಮುರಿದವರು ಸೆರೆಮನೆಯ ಹಾದಿ ಹಿಡಿದರು. ಅದಕ್ಕೂ ಮೋಟಾರಿನ ಬ್ರೇಕಿಗೂ ಏನು ನಂಟು ಎಂದು ವಾಚಕರು ಹುಬ್ಬೇರಿಸಬಹುದು. ನಂಟೇನೂ ಇಲ್ಲ. ಆದರೆ ಸಮುದ್ರದಾಚೆಯ ಅಮೆರಿಕದಲ್ಲಿ ಫೋರ್ಡ್ ಕಂಪನಿಯು ತನ್ನ ಬಹುಕಾಲದ ಹಟವನ್ನು ಬಿಟ್ಟು ಕಾರುಗಳಿಗೆ ದ್ರವದ ಬ್ರೇಕನ್ನು ಅಳವಡಿಸಿದ್ದು ಅದೇ ೧೯೩೯ರ ಮಾದರಿಗಳಿಂದ. ಅಲ್ಲಿಯವರೆಗೆ ಕಾಲಿನಿಂದ ಚಕ್ರದವರೆಗೆ ಉಕ್ಕಿನ ಸರಳೇ ಇರಬೇಕು, ಎಣ್ಣೆಯನ್ನು ನಂಬಿ ಪ್ರಾಣವನ್ನು ಒಪ್ಪಿಸಬಾರದು ಎಂಬುದು ಹೆನ್ರಿ ಫೋರ್ಡನ ಪಟ್ಟು. ಆ ಮುದುಕನ ಅಂಜಿಕೆ ತೀರ ನಿರಾಧಾರವಾದುದಲ್ಲ ಎಂಬುದು ಮುಂದೆ ತಿಳಿದೀತು.

ತುರುವನೂರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಇಂತಹ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಅಪರೂಪವಲ್ಲ. ಯಜಮಾನರು ನಿವೃತ್ತ ಉಪಾಧ್ಯಾಯರು. ಅಂಗಳದ ಬೇವಿನ ಮರದ ಕೆಳಗೆ ಸೋದರಮಾವನಿಂದ ಬಂದ ಒಂದು ಅಂಬಾಸಿಡರ್ ಕಾರು. ಮಾರ್ಕ್ ೨ ಎಂಬ ಹಳೆಯ ಮಾದರಿಯದು. ಹಿಂದೂಸ್ಥಾನ್ ಮೋಟಾರ್ಸ್ ಕಂಪನಿಯವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿಯೇ ಎರಕ ಹೊಯ್ದಂತೆ ಇದನ್ನು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದರು. ೨೦೧೪ರ ಮೇ ತಿಂಗಳಲ್ಲಿ ಆ ಕಾರ್ಖಾನೆಯ ಸದ್ದು ಅಡಗಿತು. ಕಾರ್ಖಾನೆ ಮುಚ್ಚಿದರೂ ಕಾರು ಮುಚ್ಚಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಇರುವತನಕ ಅಂಬಾಸಿಡರಿಗೆ ಆಯುಷ್ಯವುಂಟು ಎಂದು ಅದರ ಭಕ್ತರು ನಂಬಿದ್ದಾರೆ.

ಈ ಮನೆಯ ಕಾರಿನ ಹಿಂದಿನ ಅಚ್ಚು ಕೆಲವು ತಿಂಗಳಿನಿಂದ ಗೋಳಾಡುತ್ತಿತ್ತು. ಮೂವತ್ತು ಮೈಲಿ ವೇಗಕ್ಕೆ ಸಣ್ಣ ಧ್ವನಿ, ನಲವತ್ತಕ್ಕೆ ರಾಗಾಲಾಪನೆ, ಕೊನೆಗೊಂದು ದಿನ ಕಟ್ ಎಂಬ ಶಬ್ದ, ಗಾಡಿ ನಿಂತಿತು. ಮಧ್ಯದ ಗುಂಡು ಪೆಟ್ಟಿಗೆಯೊಳಗಿನ ಹಲ್ಲುಚಕ್ರ ಮುರಿದಿತ್ತು. ಹಲ್ಲುಚಕ್ರಗಳನ್ನು ಜೋಡಿಯಾಗಿ ಹುಡುಕಿ, ಅವುಗಳ ಕಚ್ಚುವಿಕೆಯನ್ನು ಕೂದಲೆಳೆಯ ಲೆಕ್ಕದಲ್ಲಿ ಸರಿಪಡಿಸುವುದಕ್ಕಿಂತ, ಗುಜರಿಯಿಂದ ಅದೇ ಜಾತಿಯ ಇಡೀ ಅಚ್ಚನ್ನು ತಂದು ಕೂರಿಸುವುದು ಅಗ್ಗವೆಂದು ಚಿತ್ರದುರ್ಗದಿಂದ ಬಂದ ಮೇಸ್ತ್ರಿ ಹೇಳಿದನು. ಅಚ್ಚು ಬಂದಿತು. ಹತ್ತು ದಿನಗಳ ನಂತರ ಹಿರಿಯೂರಿನಲ್ಲಿ ಯಜಮಾನರ ತಂಗಿಯ ಮಗಳ ಮದುವೆ. ಮನೆಯವರೆಲ್ಲ ಸ್ವಂತ ಕಾರಿನಲ್ಲಿಯೇ ಹೋಗಿ ಇಳಿಯಬೇಕೆಂಬುದು ಮನೆಯಾಕೆಯ ಸಂಕಲ್ಪ.

ಅಚ್ಚು ಕೂರಿಸುವುದು ಬಲದ ಕೆಲಸ. ನಾಲ್ಕು ಜನ ಕೈಹಚ್ಚಿದರೆ ಮುಗಿಯುತ್ತದೆ. ಪಟ್ಟಿಸ್ಪ್ರಿಂಗುಗಳ ಮೇಲೆ ಅದನ್ನು ಇರಿಸಿ ಲಾಳಾಕಾರದ ಬೋಲ್ಟುಗಳಿಂದ ಬಿಗಿದರೆ ನೋಡುವವರ ಕಣ್ಣಿಗೆ ಕಾರು ಸಿದ್ಧವಾದಂತೆಯೇ. ಆದರೆ ಬಂಡಿಗೆ ಅಚ್ಚು ಹಾಕಿದ ಮಾತ್ರಕ್ಕೆ ಬಂಡಿ ಹೂಡುವುದಿಲ್ಲ, ಕಡೆಗೀಲು ಇಡಬೇಕು. ಮೋಟಾರಿನಲ್ಲಿ ಆ ಕಡೆಗೀಲಿನ ಸ್ಥಾನದಲ್ಲಿರುವುದು ಪೆನ್ಸಿಲಿಗಿಂತ ಸಪೂರವಾದ ಎರಡು ಉಕ್ಕಿನ ಕೊಳವೆಗಳು ಮತ್ತು ಒಂದು ಗೇಣು ರಬ್ಬರಿನ ನಳಿಗೆ.

ದ್ರವದ ಬ್ರೇಕಿನ ಮರ್ಮ ಸರಳವಾದುದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಅದುಮಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿಯೇ ತೋರಿಸಿದ್ದನು. ಅದನ್ನು ಮೋಟಾರಿಗೆ ಹೂಡಿದವನು ಅಮೆರಿಕದ ಮಾಲ್ಕಂ ಲಾಕ್‌ಹೀಡ್. ಅವನ ಹಕ್ಕುಪತ್ರ ೧೯೧೭ರದು. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಶ್ರೀಮಂತರ ಕಾರಿನ ನಾಲ್ಕು ಚಕ್ರಗಳಿಗೂ ಅದು ಬಂದಿತು. ಚಾಲಕನು ಪೆಡಲನ್ನು ಇಪ್ಪತ್ತು ಕಿಲೋಗ್ರಾಮಿನಷ್ಟು ಬಲದಿಂದ ತುಳಿದನೆನ್ನೋಣ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ ನೂರು ಕಿಲೋಗ್ರಾಮು. ಆ ಬಲ ನಾಲ್ಕು ಚದರ ಸೆಂಟಿಮೀಟರಿನ ಕೊಂತದ ಮೇಲೆ ಬಿದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ ಇಪ್ಪತ್ತೈದು ಕಿಲೋಗ್ರಾಮಿನ ಒತ್ತಡ ಕೊಳವೆಗಳಲ್ಲಿ ಹರಿದಾಡುತ್ತದೆ. ಗಾಬರಿಯಿಂದ ತುಳಿದಾಗ ಇದರ ಎರಡು ಮೂರು ಪಟ್ಟು. ಆ ಒತ್ತಡವನ್ನೆಲ್ಲ ತಾಳಿಕೊಳ್ಳುವುದು ಆ ಸಪೂರ ಕೊಳವೆಯ ತುದಿಯ ಒಂದು ಅರಳಿಕೆ ಮಾತ್ರ.

ಹಳೆಯ ಅಂಬಾಸಿಡರಿನಲ್ಲಿ ಇನ್ನೊಂದು ಸಂಗತಿಯಿದೆ. ಅದರ ಪ್ರಧಾನ ಸಿಲಿಂಡರಿಗೆ ಒಂದೇ ಕೋಣೆ. ಅದೇ ದ್ರವ ಮುಂದಿನ ಎರಡು ಚಕ್ರಗಳಿಗೂ ಹಿಂದಿನ ಎರಡಕ್ಕೂ ಹೋಗಬೇಕು. ಆದುದರಿಂದ ಹಿಂದಿನ ಎಡಚಕ್ರದ ಬಳಿ ಒಂದು ನಟ್ಟು ಸೋರಿದರೆ ಕೆಡುವುದು ಆ ಚಕ್ರದ ಬ್ರೇಕು ಮಾತ್ರವಲ್ಲ, ನಾಲ್ಕೂ ಕೆಡುತ್ತವೆ. ಒಂದು ಸಾಲು ಮುರಿದರೂ ಇನ್ನೊಂದು ಉಳಿಯಲೆಂದು ಎರಡು ಕೋಣೆಯ ಸಿಲಿಂಡರನ್ನು ಅಮೆರಿಕದಲ್ಲಿ ೧೯೬೮ರಿಂದ ಕಾನೂನೇ ಕಡ್ಡಾಯಪಡಿಸಿತು. ನಮ್ಮ ಹಳೆಯ ಕಾರುಗಳು ಆ ಭಾಗ್ಯವನ್ನು ಪಡೆದು ಹುಟ್ಟಿದವಲ್ಲ. ಫೋರ್ಡ್ ಮಹಾಶಯನ ಅಂಜಿಕೆಯ ಅರ್ಥ ಇಲ್ಲಿ ಹೊಳೆಯುತ್ತದೆ.

ಮೇಸ್ತ್ರಿ ಅನುಭವಸ್ಥ. ಹಳೆಯ ಅಚ್ಚನ್ನು ಇಳಿಸುವುದಕ್ಕೆ ಮುಂಚೆಯೇ ಅವನು ಮುಂದಿನ ಚಕ್ರಗಳ ಎರಡೂ ಬದಿಗೆ ಮರದ ದಿಮ್ಮಿಗಳನ್ನು ಒತ್ತರಿಸಿದನು. ಕೈಬ್ರೇಕು ಹಾಕಿದೆಯಲ್ಲ ಎಂದು ಯಜಮಾನರು ಕೇಳಿದರು. ಕೈಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಆ ಚಕ್ರಗಳೇ ಅಚ್ಚಿನ ಸಮೇತ ಹೊರಗೆ ಬಂದ ಮೇಲೆ ಕೈಬ್ರೇಕು ಏನನ್ನು ಹಿಡಿದೀತು? ಇಷ್ಟು ಸಣ್ಣ ವಿಷಯ ಓದಿದವರಿಗೇ ಹೊಳೆಯುವುದಿಲ್ಲ. ಜಾಕಿಯ ಮೇಲೆಯೇ ಗಾಡಿಯನ್ನು ನಿಲ್ಲಿಸಿ ಕೆಳಗೆ ನುಸುಳುವವರನ್ನೂ, ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸುವವರನ್ನೂ ಕಂಡರೆ ಮೇಸ್ತ್ರಿಗೆ ಸಿಟ್ಟು ಬರುತ್ತಿತ್ತು. ಇಟ್ಟಿಗೆ ಎಚ್ಚರಿಕೆ ಕೊಡದೆ ಒಡೆಯುತ್ತದೆ. ಅವನು ಕಬ್ಬಿಣದ ಮುಕ್ಕಾಲಿಗಳನ್ನು ತಂದಿದ್ದನು.

ಗುಜರಿಯ ಅಚ್ಚು ಅದೇ ಮಾದರಿಯದೆಂದು ಅಂಗಡಿಯವನು ಹೇಳಿದ್ದನು. ಅಂಗಡಿಯವನ ಮಾತನ್ನು ನಂಬಿ ಯಾರೂ ಕೆಡಲಿಲ್ಲವಾದರೂ, ಪರೀಕ್ಷಿಸಿ ನೋಡಿದವರು ಕಡಿಮೆ ಕೆಟ್ಟಿದ್ದಾರೆ. ಮೊದಲು ಹಲ್ಲಿನ ಲೆಕ್ಕ. ಎರಡು ಚಕ್ರಗಳನ್ನೂ ಒಟ್ಟಿಗೆ ಒಂದು ಪೂರ್ಣ ಸುತ್ತು ತಿರುಗಿಸಿದಾಗ ಮುಂದಿನ ಮೂತಿ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ತಿಳಿಯುತ್ತದೆ. ಅದು ಸರಿಹೊಂದಿತು. ಎರಡನೆಯದು ಚಕ್ರದೊಳಗಿನ ಚಿಕ್ಕ ಸಿಲಿಂಡರಿನ ವ್ಯಾಸ. ಇದನ್ನು ಅನೇಕರು ನೋಡುವುದೇ ಇಲ್ಲ, ಅಪಾಯವಿರುವುದು ಇಲ್ಲಿಯೇ. ಮುಕ್ಕಾಲು ಅಂಗುಲದ ಸಿಲಿಂಡರಿನ ಜಾಗದಲ್ಲಿ ಎಂಟನೆಯ ಒಂದು ಪಾಲು ಕಡಿಮೆ ಒಂದು ಅಂಗುಲದ, ಅಂದರೆ ಮುಕ್ಕಾಲಿಗಿಂತ ಅರೆಪಾವು ಹೆಚ್ಚಿನ ಸಿಲಿಂಡರು ಬಂದಿತೆನ್ನಿ. ಕಣ್ಣಿಗೆ ಕಾಣದಷ್ಟು ಭೇದ. ಆದರೆ ಬಲವು ವ್ಯಾಸವನ್ನಲ್ಲ, ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಹಿಂದಿನ ಬ್ರೇಕಿನ ಬಲ ನೂರಕ್ಕೆ ಮೂವತ್ತಾರರಷ್ಟು ಏರಿಬಿಡುತ್ತದೆ. ಬಲ ಹೆಚ್ಚಾದರೆ ಒಳ್ಳೆಯದೇ ಅಲ್ಲವೆ? ಅಲ್ಲ. ಗಾಡಿ ತಟ್ಟನೆ ನಿಲ್ಲುವಾಗ ಅದರ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಅತಿಯಾಗಿ ಹಿಡಿದರೆ ಅದು ಉರುಳುವುದನ್ನು ಬಿಟ್ಟು ಜಾರುತ್ತದೆ, ಬಾಲ ಮುಂದಕ್ಕೆ ಬರಲೆಳಸುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಕಾರು ಬುಗುರಿಯಾಗುವುದು ಹೀಗೆ. ಮೇಸ್ತ್ರಿ ಕ್ಯಾಲಿಪರ್ ಹಿಡಿದು ಅಳೆದನು, ಎರಡೂ ಒಂದೇ. ಆದರೂ ಗುಜರಿಯ ಸಿಲಿಂಡರುಗಳ ಒಳಮೈ ತುಕ್ಕು ತಿಂದು ಗುಳಿಬಿದ್ದಿದ್ದರಿಂದ ಅವುಗಳನ್ನು ತೆಗೆದೆಸೆದು ಹೊಸವನ್ನೇ ಹಾಕಿಸಿದನು. ಡ್ರಮ್ಮಿನೊಳಗೆ ಕಪ್ಪು ಧೂಳು ತುಂಬಿತ್ತು. ಯಜಮಾನರ ಮಗ ಉಫ್ ಎಂದು ಊದಲು ಬಾಗಿದಾಗ ಮೇಸ್ತ್ರಿ ಅವನ ಭುಜ ಹಿಡಿದು ಎಳೆದನು. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಎಂದೂ ಹೊರಬಾರದು. ಒದ್ದೆ ಬಟ್ಟೆಯಿಂದ ಒರಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡುವುದೇ ಕ್ರಮ.

ಇನ್ನು ಕೊಳವೆ. ಹಳೆಯ ಅಚ್ಚಿನ ಮೇಲಿನ ಕೊಳವೆಗಳನ್ನೇ ಬಿಚ್ಚಿ ಹೊಸದಕ್ಕೆ ಹಾಕಬಾರದೆ ಎಂಬ ಪ್ರಶ್ನೆ ಸಹಜ. ಹಾಕಬಹುದು, ಅವು ಬಿಚ್ಚಿಬಂದರೆ. ಮೂವತ್ತು ನಲವತ್ತು ವರ್ಷ ಕೆಸರು ಧೂಳು ಕುಡಿದ ನಟ್ಟು ಕೊಳವೆಗೆ ಅಂಟಿಕೊಂಡಿರುತ್ತದೆ. ನಟ್ಟನ್ನು ತಿರುಗಿಸಿದರೆ ಕೊಳವೆಯೂ ಜೊತೆಗೆ ತಿರುಚಿಕೊಂಡು ಕಬ್ಬಿನ ಸಿಪ್ಪೆಯಂತಾಗುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಅಲ್ಲದೆ ತುಕ್ಕು ಹೊರಗಿನಿಂದ ಮಾತ್ರ ತಿನ್ನುವುದಿಲ್ಲ. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟರೆ ನೀರು ಸೇರಿ ಕೊಳವೆಯನ್ನು ಒಳಗಿನಿಂದ ಕೊರೆಯುತ್ತದೆ. ಡಾಟ್ ೩ ಎಂಬ ಮಾಮೂಲು ದ್ರವ ಹೊಸದಾಗಿದ್ದಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೀರು ಕುಡಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದಾಗ ದ್ರವ ಕುದಿದು ಆವಿಯಾದರೆ, ಆವಿಯು ಅದುಮಿದಷ್ಟೂ ಅದುಮಿಸಿಕೊಳ್ಳುವ ವಸ್ತುವಾದ್ದರಿಂದ ಪೆಡಲು ನೆಲಕ್ಕೆ ಮುಟ್ಟಿದರೂ ಚಕ್ರ ನಿಲ್ಲದು.

ಹೊಸ ಕೊಳವೆಯ ಸುರುಳಿಯನ್ನು ಮೇಸ್ತ್ರಿ ತಂದಿದ್ದನು. ಹೊರವ್ಯಾಸ ಅಂಗುಲದ ಹದಿನಾರರಲ್ಲಿ ಮೂರು ಪಾಲು. ಮೆಟ್ರಿಕ್ ಲೆಕ್ಕದಲ್ಲಿ ೪.೭೫ ಮಿಲಿಮೀಟರು. ಉಕ್ಕಿನ ತೆಳುಪಟ್ಟಿಯನ್ನು ಎರಡು ಸುತ್ತು ಸುತ್ತಿ ತಾಮ್ರದಿಂದ ಬೆಸೆದ ಈ ಕೊಳವೆಯನ್ನು ಕಾರ್ಖಾನೆಗಳಲ್ಲಿ ‘ಬಂಡಿ’ ಎನ್ನುವರು. ನಮ್ಮ ಎತ್ತಿನ ಬಂಡಿಗೂ ಇದಕ್ಕೂ ಸಂಬಂಧವಿಲ್ಲ. ಅದು ಡೆಟ್ರಾಯಿಟ್ ನಗರದ ಒಂದು ಕಂಪನಿಯ ಹೆಸರು. ಕನ್ನಡದ ಕಿವಿಗೆ ಮಾತ್ರ ಮೋಟಾರಿನ ಹೊಟ್ಟೆಯೊಳಗೆ ಬಂಡಿಯೊಂದು ಉಳಿದುಕೊಂಡಂತೆ ಕೇಳಿಸಿ ನಗು ಬರಿಸುತ್ತದೆ. ಶುದ್ಧ ತಾಮ್ರದ ಕೊಳವೆ ಬಗ್ಗಿಸಲು ಸುಲಭವೆಂದು ಕೆಲವರು ಅದನ್ನು ಹಾಕುವರು. ತಾಮ್ರವು ಸತತ ಅದುರುವಿಕೆಯಿಂದ ಗಡಸಾಗಿ ಸೀಳುವ ಲೋಹ. ತಾಮ್ರದೊಂದಿಗೆ ನೂರಕ್ಕೆ ಸುಮಾರು ಹತ್ತರಷ್ಟು ನಿಕ್ಕಲು ಬೆರೆಸಿದ ಕೊಳವೆ ಸಿಕ್ಕಿದರೆ ಅದು ಉಕ್ಕಿಗಿಂತಲೂ ಮೇಲು, ತುಕ್ಕಿನ ಭಯವಿಲ್ಲ.

ಅಚ್ಚಿನ ಮೇಲಿನ ದಾರಿ ಹೀಗಿದೆ. ಕಾರಿನ ಮೈಯಿಂದ ಒಂದು ಉಕ್ಕಿನ ಕೊಳವೆ ಬಂದು ರಬ್ಬರಿನ ನಳಿಗೆಗೆ ಸೇರುತ್ತದೆ. ಮೈ ಒಂದು ಕಡೆ ನಿಂತಿದ್ದರೆ ಅಚ್ಚು ಗುಂಡಿಗುಂಡಿಗೂ ಏರಿಳಿಯುತ್ತದಲ್ಲ, ಅದಕ್ಕಾಗಿ ನಡುವೆ ಈ ಮೆತ್ತನೆಯ ಸೇತುವೆ. ನಳಿಗೆಯ ಇನ್ನೊಂದು ತುದಿ ಅಚ್ಚಿನ ಮೇಲೆ ಕೂತ ಹಿತ್ತಾಳೆಯ ಮೂರುದಾರಿಯ ಕವಲಿಗೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಕೊಳವೆ. ಗುಜರಿಯ ಅಚ್ಚುಗಳಲ್ಲಿ ಈ ಕವಲಿನ ಸ್ಥಾನ ನಾಲ್ಕು ಬೆರಳು ಆಚೀಚೆ ಆಗಿರುವುದುಂಟು. ಆಗ ಕೊಳವೆಯ ಅಳತೆಯಷ್ಟೇ ಅಲ್ಲದೆ ನಳಿಗೆಯ ನಡೆಯೂ ಬದಲಾಗುತ್ತದೆ. ಮೇಸ್ತ್ರಿ ಮೊದಲು ಹಳೆಯ ಸೈಕಲ್ಲಿನ ಬ್ರೇಕಿನ ತಂತಿಯೊಂದನ್ನು ಅಚ್ಚಿನ ಮೈಗೆ ಒತ್ತಿ ಬಳಸಿ, ಬಾಗುಗಳನ್ನೆಲ್ಲ ಅನುಸರಿಸಿ, ನಂತರ ಅದನ್ನು ನೆಟ್ಟಗೆ ಮಾಡಿ ಅಳೆದುಕೊಂಡನು. ಅಷ್ಟರ ಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿದನು. ಆ ಹೆಚ್ಚುಗಾರಿಕೆ ಯಾಕೆಂದು ಯಜಮಾನರ ಮಗನಿಗೆ ಆಗ ತಿಳಿಯಲಿಲ್ಲ. ಕೊಳವೆ ಹಾಳೆಂದು ತಂದೆಯೂ ಮನಸ್ಸಿನಲ್ಲಿ ಲೆಕ್ಕ ಹಾಕಿದರು. ಉಪಾಧ್ಯಾಯರ ಮಿತವ್ಯಯ ಪ್ರಸಿದ್ಧವಾದುದಷ್ಟೆ. ಆ ಗೇಣನ್ನು ಮೇಸ್ತ್ರಿ ಚಕ್ರದ ಹತ್ತಿರ ಒಂದು ಸಣ್ಣ ಬಳೆಯಾಗಿ ಸುತ್ತಿ ಕೂರಿಸಿದನು.

ಗರಗಸದಿಂದ ಕತ್ತರಿಸಿದರೆ ಲೋಹದ ಪುಡಿ ಒಳಗೆ ಬೀಳುತ್ತದೆ. ಆದುದರಿಂದ ಉರುಳೆಯ ಕತ್ತರಿ. ಕತ್ತರಿಸಿದ ತುದಿಯ ಒಳಗಿನ ಚೂಪನ್ನು ಕೆರೆದು, ಗಾಳಿಯೂದಿ ತೊಳೆಯಬೇಕು. ಆ ಮೇಲೆ ತುದಿಯನ್ನು ತುತ್ತೂರಿಯಂತೆ ಅರಳಿಸಬೇಕು. ಒಂದೇ ಸಲ ಅರಳಿಸಿ ಬಿಟ್ಟರೆ ತೆಳುವಾದ ಅಂಚು ಸೀಳುತ್ತದೆ. ಮೊದಲು ತುದಿಯನ್ನು ಒಳಕ್ಕೆ ಮಡಚಿ, ಮಡಚಿದ್ದರ ಮೇಲೆ ಮತ್ತೊಮ್ಮೆ ಅರಳಿಸಿ ಎರಡು ಪದರ ಮಾಡುವುದು ಸರಿಯಾದ ರೀತಿ. ಮನೆಯ ಹೆಂಗಸರು ಸೀರೆಯ ಅಂಚನ್ನು ಮಡಚಿ ಹೊಲಿಯುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಇದು. ಇದಕ್ಕೆಲ್ಲ ಮುಂಚೆ ನಟ್ಟನ್ನು ಕೊಳವೆಗೆ ಪೋಣಿಸಿರಬೇಕು. ಎರಡು ತುದಿಯೂ ಅರಳಿದ ಮೇಲೆ ನಟ್ಟು ಮೇಜಿನ ಮೇಲೆಯೇ ಉಳಿದಿರುವುದನ್ನು ಕಂಡು ತಲೆ ಚಚ್ಚಿಕೊಳ್ಳದ ಮೇಸ್ತ್ರಿ ಈ ಭೂಮಿಯ ಮೇಲೆ ಹುಟ್ಟಿಲ್ಲವೆಂದು ಆ ವೃತ್ತಿಯವರೇ ಹೇಳಿಕೊಳ್ಳುತ್ತಾರೆ.

ನಟ್ಟಿನ ವಿಷಯದಲ್ಲಿ ಇನ್ನೊಂದು ಮೋಸವಿದೆ. ಅಂಬಾಸಿಡರು ಅಂಗುಲದ ಕಾಲದ ಗಾಡಿ. ಅದರ ನಟ್ಟುಗಳ ಥ್ರೆಡ್ಡು ಅಂಗುಲಕ್ಕೆ ಇಪ್ಪತ್ತನಾಲ್ಕು ಸುತ್ತಿನದು. ಇತ್ತೀಚಿನ ಕಾರುಗಳದು ಹತ್ತು ಮಿಲಿಮೀಟರಿನ ಮೆಟ್ರಿಕ್ ಥ್ರೆಡ್ಡು. ಅಂಗುಲದ ನಟ್ಟನ್ನು ಮೆಟ್ರಿಕ್ ಗುಳಿಗೆ ಹಾಕಿದರೆ ಅದು ಬೇಡವೆನ್ನುವುದಿಲ್ಲ. ಸಡಿಲವಾಗಿ ಒಳಹೋಗುತ್ತದೆ, ಕೊನೆಗೆ ಬಿಗಿಯಾದಂತೆಯೂ ತೋರುತ್ತದೆ. ಆದರೆ ಹಿಡಿದಿರುವುದು ಥ್ರೆಡ್ಡಿನ ತುದಿಗಳು ಮಾತ್ರ. ಗಾಬರಿಯ ತುಳಿತ ಬಿದ್ದ ದಿನ ಕಿತ್ತುಬರುತ್ತದೆ. ಹೊಸ ಸಿಲಿಂಡರಿನ ಬಾಯಿಗೆ ನಟ್ಟು ಕೈಬೆರಳಿನಿಂದಲೇ ಕೊನೆಯವರೆಗೆ ಅಲುಗಾಟವಿಲ್ಲದೆ ಹೋದರೆ ಮಾತ್ರ ಅದು ಅದಕ್ಕೆ ತಕ್ಕ ಜೋಡಿ.

ರಬ್ಬರಿನ ನಳಿಗೆ ನೋಡಲು ಗಟ್ಟಿಮುಟ್ಟಾಗಿಯೇ ಇತ್ತು. ಬಗ್ಗಿಸಿ ನೋಡಿದಾಗ ಹೊರಮೈ ಬಿಸಿಲಿಗೆ ಒಡೆದ ಕೆರೆಯ ತಳದಂತೆ ಬಿರುಕುಬಿಟ್ಟಿತು. ಹೊಸದನ್ನೇ ಹಾಕಿ, ಕವಲಿನ ಬಳಿ ಹೊಸ ತಾಮ್ರದ ಬಿಲ್ಲೆಯನ್ನಿಟ್ಟು ಆ ತುದಿಯನ್ನು ಮೊದಲು ಬಿಗಿದು, ಮೈಯ ಕಡೆಯ ತುದಿಯನ್ನು ಆಮೇಲೆ ಭದ್ರಪಡಿಸಿದನು. ಕ್ರಮ ತಪ್ಪಿದರೆ ನಳಿಗೆ ತಿರುಚಿಕೊಳ್ಳುತ್ತದೆ. ಅನಂತರ ಅಚ್ಚನ್ನು ಜಾಕಿಯಿಂದ ಪೂರ್ತಿ ಮೇಲೆತ್ತಿ ನೋಡಿದನು, ಪೂರ್ತಿ ಇಳಿಬಿಟ್ಟು ನೋಡಿದನು. ಇಳಿಬಿಟ್ಟಾಗ ನಳಿಗೆ ಬಿಗಿಯಾಗಿ ಎಳೆಯಬಾರದು; ಎತ್ತಿದಾಗ ಹೊಗೆಕೊಳವೆಗೆ ತಾಗಬಾರದು. ಉಕ್ಕಿನ ಕೊಳವೆಗಳನ್ನು ಅಚ್ಚಿನ ಮೈಗೆ ಪಟ್ಟಿಗಳಿಂದ ಹಿಡಿಸಿದನು. ತೊಳೆಯಲು ಪೆಟ್ರೋಲೂ ಸೀಮೆಎಣ್ಣೆಯೂ ಬೇಡವೆಂದನು. ಖನಿಜದ ಎಣ್ಣೆಯ ಒಂದು ತೊಟ್ಟು ಒಳಗೆ ಹೋದರೂ ಸಿಲಿಂಡರಿನ ರಬ್ಬರಿನ ಬಟ್ಟಲುಗಳು ನೀರಿಗೆ ಹಾಕಿದ ಕಡಲೆಯಂತೆ ಊದಿಕೊಳ್ಳುತ್ತವೆ.

ಕೊನೆಯ ಘಟ್ಟ ಗಾಳಿ ತೆಗೆಯುವುದು. ಇದಕ್ಕೆ ಇಬ್ಬರು ಬೇಕು. ದಾವಣಗೆರೆಯಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದಿದ್ದಳು. ಅವಳನ್ನು ಚಾಲಕನ ಸ್ಥಾನದಲ್ಲಿ ಕೂರಿಸಿದರು. ಮೇಸ್ತ್ರಿ ಮೊದಲೇ ಬ್ರೇಕಿನ ಪಟ್ಟಿಗಳನ್ನು ಡ್ರಮ್ಮಿಗೆ ಹತ್ತಿರ ಹೊಂದಿಸಿದ್ದನು. ಪೆಡಲಿನ ಕೆಳಗೊಂದು ಮರದ ತುಂಡನ್ನಿಟ್ಟನು. ಹಳೆಯ ಪ್ರಧಾನ ಸಿಲಿಂಡರಿನ ಕೊಂತ ನಿತ್ಯದ ಹಾದಿಯನ್ನು ಬಿಟ್ಟು ತುಕ್ಕು ಕೂತ ಕೊನೆಗೆ ಹೋದರೆ ರಬ್ಬರು ಹರಿಯುತ್ತದೆ, ಅದಕ್ಕಾಗಿ ಆ ತಡೆ. ಪ್ರಧಾನ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. ಬಲಗಡೆ ಚಾಲಕನಿರುವ ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ಪಾರದರ್ಶಕ ನಳಿಗೆಯ ಒಂದು ತುದಿ ಮೊಲೆತಿರುಪಿಗೆ, ಇನ್ನೊಂದು ದ್ರವವಿರುವ ಸೀಸೆಯೊಳಕ್ಕೆ.

“ಒತ್ತಮ್ಮ.”

“ಒತ್ತಿದೆ.”

“ಹಿಡಿದುಕೊ.” ತಿರುಪು ಸಡಿಲಾಗಿ ಗುಳ್ಳೆಗಳು ಸಾಲುಸಾಲಾಗಿ ಹೊರಟವು. ತಿರುಪು ಬಿಗಿಯಿತು. “ಈಗ ಬಿಡು.”

ಈ ಮೂರು ಮಾತು ಅಂದು ಸಂಜೆಯವರೆಗೆ ಆ ಅಂಗಳದಲ್ಲಿ ಮಂತ್ರದಂತೆ ಕೇಳಿಸಿದವು. ತಿರುಪು ಬಿಗಿಯುವ ಮೊದಲು ಕಾಲು ಬಿಟ್ಟರೆ ಬಂದ ಗಾಳಿಯೇ ಮತ್ತೆ ಒಳಗೆ ಹೋಗುತ್ತದೆ. ಮಗಳು ಒಮ್ಮೆಯೂ ತಪ್ಪಲಿಲ್ಲ. ಮಗನ ಕೆಲಸ ಮೇಲಿನ ಬಟ್ಟಲಲ್ಲಿ ದ್ರವ ತಗ್ಗದಂತೆ ನೋಡುವುದು. ಅವನು ಎರಡು ತೊಟ್ಟನ್ನು ಮಡ್‌ಗಾರ್ಡಿನ ಮೇಲೆ ಚೆಲ್ಲಿ, ಬಣ್ಣ ಕಿತ್ತುಬಂದುದಕ್ಕಾಗಿ ತಂದೆಯಿಂದ ಬೈಸಿಕೊಂಡನು. ನಾಲ್ಕು ಚಕ್ರವೂ ಮುಗಿದಾಗ ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು. ಮದುವೆಗೆ ಇನ್ನೊಂದೇ ದಿನ.

ಮೇಸ್ತ್ರಿ ಮನೆಗೆ ಹೋಗಲಿಲ್ಲ. ಮಗಳನ್ನು ಮತ್ತೊಮ್ಮೆ ಕೂರಿಸಿ, ಶಕ್ತಿಯಿದ್ದಷ್ಟು ತುಳಿದು ಒಂದು ನಿಮಿಷ ಹಿಡಿಯಲು ಹೇಳಿ, ಪ್ರತಿಯೊಂದು ಕೂಡುಗಂಟನ್ನೂ ಒಣಬಟ್ಟೆಯಿಂದ ಮುಟ್ಟಿನೋಡಿದನು. ಒಣಗಿಯೇ ಇದ್ದವು. ರಾತ್ರಿ ಹಿಂದಿನ ಚಕ್ರಗಳ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಲು ಹೇಳಿ ಜಗಲಿಯಲ್ಲಿಯೇ ಮಲಗಿದನು. ಮನೆಯಾಕೆ ಆಗಲೇ ಕಾರಿನ ಹಿಂಬದಿಗೆ ಹೋಳಿಗೆಯ ಡಬ್ಬ ಇಡುವ ಜಾಗವನ್ನು ಗೊತ್ತುಮಾಡಿದ್ದರು.

ಬೆಳಿಗ್ಗೆ ಎಡಚಕ್ರದ ಕೆಳಗಿನ ಕಾಗದದ ಮೇಲೆ ನಾಲ್ಕಾಣೆಯಷ್ಟು ಅಗಲದ ಒಂದು ಕಲೆ.

“ಇನ್ನೊಂದು ಸುತ್ತು ಬಿಗಿದರೆ ಸಾಲದೆ?” ಎಂದರು ಯಜಮಾನರು. ಸಾವಿರ ಜನ ಕೇಳುವ ಪ್ರಶ್ನೆ ಅದು. ಸಾವಿರದಲ್ಲಿ ಒಂಬೈನೂರು ಮೇಸ್ತ್ರಿಗಳು ಬಿಗಿದು ಕೈತೊಳೆದುಕೊಳ್ಳುತ್ತಾರೆ. ಈತನು ಒಪ್ಪಲಿಲ್ಲ. ಸರಿಯಾಗಿ ಅರಳಿದ ತುದಿ ಸಾಧಾರಣ ಬಿಗಿತಕ್ಕೇ ಸೋರದೆ ಕೂರುತ್ತದೆ. ಸೋರಿತೆಂದರೆ ದೋಷವಿರುವುದು ಅರಳಿಕೆಯಲ್ಲಿ. ಹೆಚ್ಚು ಬಿಗಿದರೆ ಇಂದು ಸೋರುವುದು ನಿಂತೀತು, ಅಂಚು ಮಾತ್ರ ಸೀಳಿಕೊಂಡು ಇನ್ನೊಂದು ದಿನಕ್ಕೆ ಕಾದಿರುತ್ತದೆ. ಸೋರಿದ ದ್ರವ ಬ್ರೇಕಿನ ಪಟ್ಟಿಗೆ ತಗುಲಿದರೆ ಆ ಚಕ್ರ ಹಿಡಿಯದೆ ಗಾಡಿ ಬಲಕ್ಕೆ ಎಳೆಯುತ್ತದೆ. ಬಟ್ಟಲು ಬರಿದಾದರೆ ನಾಲ್ಕು ಚಕ್ರವೂ ಹಿಡಿಯುವುದಿಲ್ಲ. ಹಿರಿಯೂರಿಗೆ ಹೋಗುವುದು ಹಗಲೂ ರಾತ್ರಿಯೂ ಲಾರಿಗಳು ಸಾಲುಗಟ್ಟುವ ರಾಷ್ಟ್ರೀಯ ಹೆದ್ದಾರಿ. ತುರುವನೂರಿನಿಂದ ದುರ್ಗದವರೆಗಿನ ದಾರಿಯಾದರೂ ನಿರ್ಭಯವಾದುದಲ್ಲ. ಕುರಿಮಂದೆ ಎದುರಾಗುತ್ತದೆ, ಸುಗ್ಗಿಯಲ್ಲಿ ರಸ್ತೆಯೇ ಕಣವಾಗುತ್ತದೆ, ಕಣದ ಪಕ್ಕದಲ್ಲಿ ಮಕ್ಕಳಿರುತ್ತಾರೆ.

ತಪ್ಪು ಅವನದೇ. ಕೊಳವೆ ಬಿಚ್ಚಿ ನೋಡಿದಾಗ ಅರಳಿದ ತುದಿ ಒಂದು ಮಗ್ಗುಲಿಗೆ ಓರೆಯಾಗಿತ್ತು. ಕತ್ತರಿಸಿದ ತುದಿ ನೇರವಾಗಿಲ್ಲದಿದ್ದರೆ ಹೀಗಾಗುತ್ತದೆ. ಅವನು ಅದನ್ನು ಮುಚ್ಚಿಡದೆ ಯಜಮಾನರ ಕೈಗೆ ಕೊಟ್ಟು ತೋರಿಸಿದನು. ತಿದ್ದಲು ಹೊತ್ತು ಬೇಕು. ಮತ್ತೆ ಅರಳಿಸಬೇಕು, ಮತ್ತೆ ಗಾಳಿ ತೆಗೆಯಬೇಕು, ಮತ್ತೊಂದು ರಾತ್ರಿ ಕಾಗದ ಹಾಸಬೇಕು. ಮನೆಯಾಕೆಯ ಮುಖ ಬಾಡಿತು. ಹತ್ತು ದಿನದ ಸಂಭ್ರಮವನ್ನು ನಾಲ್ಕಾಣೆಯ ಕಲೆಯೊಂದು ನುಂಗಿತೆಂದರೆ ಯಾರಿಗಾದರೂ ಬೇಸರವೇ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ದುರ್ಗದ ಬಸ್ಸಿನ ವೇಳೆಯನ್ನು ವಿಚಾರಿಸಲು ಮಗನನ್ನು ಕಳುಹಿಸಿದರು. ಹೋಳಿಗೆಯ ಡಬ್ಬ ಬಸ್ಸಿನಲ್ಲಿ ಮಗಳ ತೊಡೆಯ ಮೇಲೆ ಕುಳಿತು ಹಿರಿಯೂರಿಗೆ ಹೋಯಿತು.

ಮೇಸ್ತ್ರಿ ಅಂಗಳದಲ್ಲಿ ಉಳಿದನು. ಓರೆಯಾದ ತುದಿಯನ್ನು ಅರ್ಧ ಅಂಗುಲ ಕತ್ತರಿಸಿಹಾಕಿದನು. ಬಳೆಯಾಗಿ ಸುತ್ತಿಟ್ಟಿದ್ದ ಆ ಹೆಚ್ಚಿನ ಗೇಣು ಈಗ ಉಪಯೋಗಕ್ಕೆ ಬಂದಿತು. ಸ್ವಲ್ಪ ಬಿಡಿಸಿ ಎಳೆದರೆ ಕೊಳವೆ ತನ್ನ ಸ್ಥಾನಕ್ಕೆ ತಲುಪಿತು. ಇಲ್ಲವಾದರೆ ಇಡೀ ಕೊಳವೆಯನ್ನೇ ಹೊಸದಾಗಿ ಮಾಡಬೇಕಾಗುತ್ತಿತ್ತು. ಪಕ್ಕದ ಮನೆಯ ಹುಡುಗನನ್ನು ಪೆಡಲಿನ ಮೇಲೆ ಕೂರಿಸಿಕೊಂಡು ಮತ್ತೆ ಒತ್ತು, ಹಿಡಿ, ಬಿಡು. ಕೈಬ್ರೇಕಿನ ತಂತಿಯನ್ನು ಅಳವಡಿಸಿದನು. ಹಿಂದಿನ ಪ್ರತಿಯೊಂದು ಕೂಡುಗಂಟಿಗೂ ಹೊಸ ಕಾಗದ ಹಾಸಿದನು.

ಮದುವೆ ಮುಗಿಸಿ ಮೂರನೆಯ ದಿನ ಮನೆಯವರು ಹಿಂತಿರುಗಿದಾಗ ಕಾಗದ ಒಣಗಿಯೇ ಇತ್ತು. ಊರ ಹೊರಗಿನ ನೇರ ರಸ್ತೆಯಲ್ಲಿ ಮೇಸ್ತ್ರಿ ಮೊದಲು ಹತ್ತು ಮೈಲಿಯ ವೇಗದಲ್ಲಿ, ನಂತರ ಇಪ್ಪತ್ತರಲ್ಲಿ, ಮೂವತ್ತರಲ್ಲಿ ನಿಲ್ಲಿಸಿ ನೋಡಿದನು. ಗಾಡಿ ಅತ್ತಿತ್ತ ಎಳೆಯಲಿಲ್ಲ. ಇಳಿದು ಡ್ರಮ್ಮುಗಳನ್ನು ಮುಟ್ಟಿದನು. ನಾಲ್ಕೂ ಹೆಚ್ಚುಕಡಿಮೆ ಒಂದೇ ಬಿಸಿ. ನೂರು ಮೈಲಿ ಓಡಿದ ಮೇಲೆ ಲಾಳದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿಸಬೇಕು, ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸಬೇಕು ಎಂದು ಹೇಳಿ ತನ್ನ ಕೂಲಿಯನ್ನು ತೆಗೆದುಕೊಂಡನು. ಕತ್ತರಿಸಿ ಬಿಸಾಡಿದ ಓರೆ ತುದಿಯನ್ನು ಯಜಮಾನರ ಮಗ ಆರಿಸಿಕೊಂಡು, ಎಂಜಿನ್ ಕೋಣೆಯ ಮುಚ್ಚಳದ ಒಳಬದಿಗೆ ಒಂದು ತಂತಿಯಿಂದ ಕಟ್ಟಿದನು.